ಯಾರ ಮಗನಪ್ಪ ನೀನು?

ಊರಿಗೆ ಹೋದಾಗಲೆಲ್ಲ ಬಸ್ ಸ್ಟ್ಯಾಂಡಿನಲ್ಲಿ ಯಾರಾದರೂ ಹಿರಿಯರು ನನ್ನನ್ನು ನಿಲ್ಲಿಸುತ್ತಾರೆ. ಮುಖ ದಿಟ್ಟಿಸಿ ನೋಡಿ, "ಯಾರ ಮಗನಪ್ಪ ನೀನು?" ಅಂತ ಕೇಳುತ್ತಾರೆ. ಅಪ್ಪನ ಹೆಸರು ಹೇಳುತ್ತೇನೆ. ಆಮೇಲೆ ನನ್ನ ವಿಷಯ ಅಲ್ಲಿಗೇ ಮುಗಿಯಿತು. ಅಪ್ಪ ಕಬಡ್ಡಿ ಆಡುತ್ತಿದ್ದದ್ದು, ಪಕ್ಕದ ಹಳ್ಳಿಯವರನ್ನು ಸೋಲಿಸಿ ಬಂದದ್ದು, ಆ ರಾತ್ರಿ ಗುಡಿ ಕಟ್ಟೆಯಲ್ಲಿ ಎಲ್ಲರೂ ಮಂಡಕ್ಕಿ ತಿಂದದ್ದು, ಹೇಳುತ್ತಾ ಹೋಗುತ್ತಾರೆ. ಅಷ್ಟು ಹೊತ್ತು ಅವರಿಗೆ ಇಪ್ಪತ್ತು ವರ್ಷ ವಯಸ್ಸು. ನಾನು ಸುಮ್ನೆ ನಿಂತು ಕೇಳುತ್ತೇನೆ. ಬಸ್ ಹೋದರೂ ಬೇಸರವಿಲ್ಲ.

ಇದೇ ಪ್ರಶ್ನೆ ಅಮೆರಿಕದ ಮಿಸಿಸಿಪ್ಪಿ ರಾಜ್ಯದಲ್ಲೂ ನನ್ನ ಕಿವಿಗೆ ಬಿದ್ದಿದೆ. ಪಕ್ಕದ ಟೆನೆಸಿ ರಾಜ್ಯದ ಮೆಂಫಿಸ್‌ನಲ್ಲಿ ಮನೆ ಮಾಡಿ ನಮಗೆ ಹದಿನಾಲ್ಕು ವರ್ಷವಾಯಿತು. ಇಲ್ಲಿಂದ ದಕ್ಷಿಣಕ್ಕೆ ಒಂದೂಕಾಲು ಗಂಟೆ ಕಾರು ಓಡಿಸಿದರೆ ಆಕ್ಸ್‌ಫರ್ಡ್ ಎಂಬ ಪುಟ್ಟ ಊರು. ಅಲ್ಲೇ ಮಿಸಿಸಿಪ್ಪಿ ವಿಶ್ವವಿದ್ಯಾಲಯ. ಎಲ್ಲರೂ ಪ್ರೀತಿಯಿಂದ ಕರೆಯುವುದು ಓಲ್ ಮಿಸ್ ಅಂತ. ನಮ್ಮ ಎದುರು ಮನೆಯ ಹಿರಿಯರು 1969ರಲ್ಲಿ ಅಲ್ಲಿ ಓದುತ್ತಿದ್ದರು. ನನ್ನ ಮಕ್ಕಳು ಅವರನ್ನು ಅಜ್ಜ ಅಂತಲೇ ಕರೆಯುತ್ತಾರೆ. ನನಗೆ ಅಮೆರಿಕನ್ ಫುಟ್‌ಬಾಲ್ ಕಲಿಸಿದವರು ಅವರೇ. ಕಾಲಲ್ಲಿ ಒದೆಯುವ ನಮ್ಮ ಫುಟ್‌ಬಾಲ್ ಅಲ್ಲ ಇದು. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಆಟ. ಎಸೆಯುವವನು ಕ್ವಾರ್ಟರ್‌ಬ್ಯಾಕ್. ತಂಡದ ಆಟ ಅವನ ಕೈಯಿಂದಲೇ ಶುರು.

ಪಂದ್ಯದ ದಿನ ಅವರು ನನ್ನನ್ನು ಮೊದಲ ಸಲ 'ಗ್ರೋವ್'ಗೆ ಕರೆದುಕೊಂಡು ಹೋದರು. ಕ್ಯಾಂಪಸ್ ನಡುವೆ ಹತ್ತು ಎಕರೆ ಜಾಗ. ಓಕ್, ಎಲ್ಮ್, ಮ್ಯಾಗ್ನೋಲಿಯಾ ಮರಗಳು. ಮರದ ಕೆಳಗೆ ಸಾಲು ಸಾಲು ಟೆಂಟು. ಹೆಂಗಸರು ಮದುವೆಗೆ ಬಂದವರಂತೆ ಉಡುಪು ಹಾಕಿರುತ್ತಾರೆ. ಗಂಡಸರು ಟೈ ಕಟ್ಟಿರುತ್ತಾರೆ. ಮೇಜಿನ ಮೇಲೆ ಬೆಳ್ಳಿಯ ದೀಪದ ಕಂಬ, ಹೂವು, ತಿಂಡಿ. ನನಗೆ ನಮ್ಮೂರ ಜಾತ್ರೆಯೇ ನೆನಪಾಯಿತು. ಅಲ್ಲಿಯೂ ಅಷ್ಟೇ, ತೇರು ಎಳೆಯುವುದು ಒಂದು ಗಂಟೆ, ಮಾತು ಇಡೀ ದಿನ.

ಅಲ್ಲಿನ ಮಾತೆಲ್ಲ ಕೊನೆಗೆ ಒಬ್ಬರ ಹೆಸರಿಗೆ ಬಂದು ನಿಲ್ಲುತ್ತದೆ. ಆರ್ಚಿ ಮ್ಯಾನಿಂಗ್. ಡ್ರೂ ಎಂಬ ಸಣ್ಣ ಊರಿನ ಕೆಂಗೂದಲಿನ ಹುಡುಗ. 1968ರಿಂದ 1970ರವರೆಗೆ ಓಲ್ ಮಿಸ್ ಕ್ವಾರ್ಟರ್‌ಬ್ಯಾಕ್. ಅಂಗಿಯ ಮೇಲೆ 18. ಇವತ್ತಿಗೂ ಆ ಕ್ಯಾಂಪಸ್‌ನಲ್ಲಿ ಕಾರಿನ ವೇಗದ ಮಿತಿ ಗಂಟೆಗೆ 18 ಮೈಲಿ. ಅದು ಅವರ ಅಂಗಿಯ ನಂಬರು. ಅಲ್ಲಿ ಕಾರು ಓಡಿಸುವಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಅಜ್ಜ ಹೆಚ್ಚು ಹೇಳುವುದು 1969ರ ಅಕ್ಟೋಬರ್ 4ರ ರಾತ್ರಿಯ ಕಥೆ. ಬರ್ಮಿಂಗ್‌ಹ್ಯಾಮ್‌ನಲ್ಲಿ ಅಲಬಾಮಾ ವಿರುದ್ಧ ಪಂದ್ಯ. ಆಗ ಕಾಲೇಜು ಪಂದ್ಯವನ್ನು ರಾತ್ರಿ ಹೊತ್ತು ದೇಶಕ್ಕೆಲ್ಲ ಟಿವಿಯಲ್ಲಿ ತೋರಿಸುವುದೇ ಹೊಸತು. ಹಾಸ್ಟೆಲ್‌ನಲ್ಲಿ ಒಂದು ಟಿವಿಯ ಮುಂದೆ ಅರವತ್ತು ಹುಡುಗರು ಕೂತಿದ್ದರಂತೆ. ಆರ್ಚಿ ಅವತ್ತು ಚೆಂಡನ್ನು ಎಸೆದು 436 ಗಜ, ಹಿಡಿದು ಓಡಿ 104 ಗಜ ಮುಂದಕ್ಕೆ ಸಾಗಿಸಿದರು. ಒಟ್ಟು 540. ಆದರೂ ಓಲ್ ಮಿಸ್ 33-32ರಲ್ಲಿ ಸೋತಿತು. ಐವತ್ತಾರು ವರ್ಷವಾದರೂ ಆ ಒಂದು ಪಾಯಿಂಟ್ ಅಜ್ಜನಿಗೆ ನಿನ್ನೆ ಕಳೆದುಕೊಂಡಂತೆ. ಗೆದ್ದ ಪಂದ್ಯಗಳನ್ನು ಇಷ್ಟು ಪ್ರೀತಿಯಿಂದ ಹೇಳಿದ್ದು ನಾನು ಕೇಳಿಲ್ಲ.

ಆ ಪಂದ್ಯಕ್ಕೆ ಒಂದೆರಡು ತಿಂಗಳ ಹಿಂದೆ, ಬೇಸಿಗೆ ರಜೆಯಲ್ಲಿ, ಆರ್ಚಿಯವರ ತಂದೆ ಆತ್ಮಹತ್ಯೆ ಮಾಡಿಕೊಂಡಿದ್ದರು. ಮನೆಗೆ ಬಂದು ಮೊದಲು ನೋಡಿದ್ದು ಇಪ್ಪತ್ತು ವರ್ಷದ ಆರ್ಚಿಯೇ. ಓದು, ಆಟ ಎರಡನ್ನೂ ಬಿಟ್ಟು ಅಮ್ಮ ಮತ್ತು ತಂಗಿಯನ್ನು ನೋಡಿಕೊಳ್ಳುತ್ತೇನೆ ಅಂದರು. ಅಮ್ಮ ಒಪ್ಪಲಿಲ್ಲ, ಕಾಲೇಜಿಗೆ ವಾಪಸ್ ಕಳಿಸಿದರು. ಮುಂದೆ ತಾನು ಎಂಥ ಅಪ್ಪನಾದರು ಎಂಬುದಕ್ಕೆ ಬೇರು ಅಲ್ಲಿದೆ ಅಂತ ನನಗೆ ಬಲವಾಗಿ ಅನಿಸುತ್ತದೆ. ಮಕ್ಕಳನ್ನು ಅಪ್ಪಿಕೊಂಡು ಬೆಳೆಸಿದರು, ಆದರೆ ತಳ್ಳಲಿಲ್ಲ.

ಅವರಿಗೆ ಮೂವರು ಗಂಡು ಮಕ್ಕಳು: ಕೂಪರ್, ಪೇಟನ್, ಈಲೈ. ಬೆಳೆದದ್ದು ನ್ಯೂ ಆರ್ಲಿಯನ್ಸ್‌ನಲ್ಲಿ. ಪೇಟನ್ ಚಿಕ್ಕವನಿದ್ದಾಗ ಅಪ್ಪನ ಕಾಲೇಜು ಪಂದ್ಯಗಳ ರೇಡಿಯೋ ವೀಕ್ಷಕ ವಿವರಣೆಯ ಕ್ಯಾಸೆಟ್ ಹಾಕಿಕೊಂಡು ಕೇಳುತ್ತಿದ್ದ. ಯಾವ ಆಟಗಾರ ಯಾವ ಊರಿನವನು ಎಂಬುದೂ ಅವನಿಗೆ ಬಾಯಿಪಾಠ. ಅಂದರೆ ಓಲ್ ಮಿಸ್‌ನ ಹಳೆಯ ಕಾಲವನ್ನು ಅಷ್ಟು ಪ್ರೀತಿಸಿದ ಇನ್ನೊಬ್ಬ ಹುಡುಗ ಇರಲಿಲ್ಲ. ಅಣ್ಣ ಕೂಪರ್ ಓಲ್ ಮಿಸ್‌ಗೆ ಸೇರಿದ್ದ. ಪೇಟನ್ ಎಸೆಯುವುದು, ಕೂಪರ್ ಹಿಡಿಯುವುದು, ಶಾಲೆಯಲ್ಲಿ ಹಾಗೇ ಆಡಿದ್ದರು. ಕಾಲೇಜಿನಲ್ಲೂ ಹಾಗೇ ಎಂಬ ಆಸೆ. 1992ರಲ್ಲಿ ಕೂಪರ್‌ಗೆ ಬೆನ್ನುಹುರಿಯ ದಾರಿ ಕಿರಿದಾಗುವ ತೊಂದರೆ ಇದೆ ಅಂತ ಗೊತ್ತಾಯಿತು. ಒಂದೇ ಒಂದು ಕಾಲೇಜು ಪಂದ್ಯ ಆಡದೆ ಅವನ ಆಟ ಮುಗಿಯಿತು. ಪೇಟನ್ ಅಣ್ಣನ 18ನ್ನು ತಾನು ತೊಟ್ಟುಕೊಂಡ.

1994ರ ಜನವರಿ. ದೇಶದ ದೊಡ್ಡ ದೊಡ್ಡ ಕಾಲೇಜುಗಳೆಲ್ಲ ಪೇಟನ್ ಹಿಂದೆ ಬಿದ್ದಿದ್ದವು. ಮಿಸಿಸಿಪ್ಪಿಯ ಜನಕ್ಕೆ ಮಾತ್ರ ಯಾವ ಅನುಮಾನವೂ ಇರಲಿಲ್ಲ. ಆರ್ಚಿ ಮಗ ಇನ್ನೆಲ್ಲಿಗೆ ಹೋಗುತ್ತಾನೆ? ಅವನು ಟೆನೆಸಿ ವಿಶ್ವವಿದ್ಯಾಲಯವನ್ನು ಆರಿಸಿಕೊಂಡ.

ಯಾವ ಟೆನೆಸಿ? 1969ರ ನವೆಂಬರ್‌ನಲ್ಲಿ ಒಂದೂ ಪಂದ್ಯ ಸೋಲದೆ ಬಂದ ಟೆನೆಸಿಯನ್ನು ಜಾಕ್ಸನ್‌ನಲ್ಲಿ ಆರ್ಚಿಯವರ ತಂಡ 38-0ಯಿಂದ ಹೊಡೆದು ಕಳಿಸಿತ್ತು. ಆ ಟೆನೆಸಿ! ಜನರಿಗೆ ಹೊಟ್ಟೆಯಲ್ಲಿ ಬೆಂಕಿ ಬಿತ್ತು. ಮನೆಗೆ ಫೋನು, ಬೈಗುಳದ ಪತ್ರ. ಬೈಸಿಕೊಂಡದ್ದು ಹುಡುಗನಿಗಿಂತ ಜಾಸ್ತಿ ಅಪ್ಪ. ಮಗನಿಗೆ ಒಂದು ಮಾತು ಹೇಳಬಾರದಿತ್ತೇ, ಅಂತ. ಇಪ್ಪತ್ತೈದು ವರ್ಷ ತಲೆಯ ಮೇಲೆ ಹೊತ್ತವರೇ ಒಂದು ವಾರದಲ್ಲಿ ಇಳಿಸಿಬಿಟ್ಟರು. ಓಲ್ ಮಿಸ್ ಮೇಲೆ ಆಗ ಕಾಲೇಜು ಕ್ರೀಡೆಗಳನ್ನು ನೋಡಿಕೊಳ್ಳುವ ಸಂಸ್ಥೆ ಎನ್‌ಸಿಎಎಯ ವಿಚಾರಣೆ ನಡೆಯುತ್ತಿತ್ತು. ಅದೇ ವರ್ಷ ಕೋಚ್ ಹೋದರು, ತಂಡಕ್ಕೆ ಶಿಕ್ಷೆಯೂ ಆಯಿತು. ಹದಿನೇಳು ವರ್ಷದ ಹುಡುಗ ತನ್ನ ನಾಲ್ಕು ವರ್ಷವನ್ನು ಎಲ್ಲಿ ಕಳೆಯಬೇಕು ಅಂತ ಯೋಚಿಸಿದ್ದರಲ್ಲಿ ಏನು ತಪ್ಪು?

ಅಜ್ಜನೂ ಒಂದು ಪತ್ರ ಬರೆದಿದ್ದರು. ಇದನ್ನು ಅವರು ನನಗೆ ಹೇಳಿದ್ದು ಪರಿಚಯವಾಗಿ ಏಳೆಂಟು ವರ್ಷದ ಮೇಲೆ, ಒಂದು ಸಂಜೆ ಅವರ ಮನೆ ಜಗಲಿಯಲ್ಲಿ ಕೂತಾಗ.

"ಏನು ಬರೆದಿದ್ರಿ?" ಅಂತ ಕೇಳಿದೆ.

"ನೀವು ನಮಗೆ ಮೋಸ ಮಾಡಿದಿರಿ ಅಂತ ಬರೆದೆ."

"ಕಳಿಸಿದ್ರಾ?"

"ಕಳಿಸಿದೆ," ಅಂದರು. ಸ್ವಲ್ಪ ಹೊತ್ತು ರಸ್ತೆ ನೋಡುತ್ತಾ ಕೂತರು. "ಆ ವರ್ಷ ನನ್ನ ಮಗ ಮನೆ ಬಿಟ್ಟು ಹೋಗಿದ್ದ. ನನ್ನ ಅಂಗಡಿ ಅವನಿಗೆ ಬೇಡವಾಗಿತ್ತು. ಅವನಿಗೆ ಬರೆಯಬೇಕಾದ್ದನ್ನು ಅವರಿಗೆ ಬರೆದೆ ಅನಿಸುತ್ತೆ."

ಈ ಮಾತು ಕೇಳಿದ ಮೇಲೆ ಅಭಿಮಾನಿಗಳ ಸಿಟ್ಟನ್ನು ನಾನು ಬೇರೆ ಥರ ನೋಡುತ್ತೇನೆ. ಹಳೆಯ ಆಟಗಾರನ ಮಗನ ಸುದ್ದಿ ಬಂದಾಗ ಜನ ಹಳೆಯದನ್ನು ನೆನೆಯುವುದು ನನಗೆ ತುಂಬ ಇಷ್ಟ. ಅದರಲ್ಲಿ ಸುಳ್ಳಿಲ್ಲ. ಆ ಪಂದ್ಯ ನೋಡಿದ ರಾತ್ರಿ, ಪಕ್ಕದಲ್ಲಿ ಕೂತಿದ್ದ ಗೆಳೆಯ, ಈಗ ಇಲ್ಲದ ಅಪ್ಪ, ಎಲ್ಲವೂ ಆ ಒಂದು ಹೆಸರಿನ ಜೊತೆ ವಾಪಸ್ ಬರುತ್ತವೆ. ಆ ನೆನಪು ಅಭಿಮಾನಿಯ ಸ್ವಂತದ್ದು. ಹುಡುಗ ಮಾತ್ರ ಅಭಿಮಾನಿಯ ಸ್ವಂತದವನಲ್ಲ. ಅಪ್ಪನ ಆಟ ನೋಡಿ ನಾವು ಪಟ್ಟ ಸಂತೋಷಕ್ಕೆ ಮಗ ಸಾಲ ತೀರಿಸಬೇಕಾಗಿಲ್ಲ. ಅಪ್ಪ ಆಗಲೇ ಎಲ್ಲವನ್ನೂ ಕೊಟ್ಟಾಗಿದೆ.

ಇನ್ನೊಂದು ವಿಷಯವನ್ನೂ ಇಲ್ಲಿ ಹೇಳಬೇಕು. 'ಅಪ್ಪ ಆಡಿದ ಕಾಲೇಜು' ಅನ್ನುವ ಮಾತು ಎಲ್ಲರಿಗೂ ಸಿಕ್ಕಿರಲಿಲ್ಲ. ಓಲ್ ಮಿಸ್‌ಗೆ ಮೊದಲ ಕಪ್ಪು ವಿದ್ಯಾರ್ಥಿ ಜೇಮ್ಸ್ ಮೆರೆಡಿತ್ 1962ರಲ್ಲಿ ಕಾಲಿಟ್ಟಾಗ ಕ್ಯಾಂಪಸ್‌ನಲ್ಲಿ ಗಲಭೆಯಾಗಿ ಇಬ್ಬರು ಸತ್ತರು. ಆರ್ಚಿ ಕಾಲದ ತಂಡದಲ್ಲಿ ಇದ್ದವರೆಲ್ಲ ಬಿಳಿಯರೇ. ತಂಡದ ಮೊದಲ ಕಪ್ಪು ಆಟಗಾರರಾದ ಬೆನ್ ವಿಲಿಯಮ್ಸ್ ಮತ್ತು ಜೇಮ್ಸ್ ರೀಡ್ ಬಂದದ್ದು 1972ರಲ್ಲಿ. ಅಲ್ಲಿಯವರೆಗೆ ಮಿಸಿಸಿಪ್ಪಿಯ ಎಷ್ಟೋ ಅಪ್ಪಂದಿರು ಆ ಮೈದಾನದಲ್ಲಿ ಆಡಲೇ ಇಲ್ಲ, ಆಡಲು ಬಿಡಲಿಲ್ಲ. ಅವರ ಮಕ್ಕಳನ್ನು ಗ್ರೋವ್‌ನಲ್ಲಿ ನಿಲ್ಲಿಸಿ "ಯಾರ ಮಗ ನೀನು?" ಅಂತ ಕೇಳುವವರು ಯಾರು? ಹಳೆಯ ದಿನಗಳ ಮಾತು ಬಂದಾಗ ನಾನು ಇದನ್ನು ಮರೆಯಲಾರೆ. ಅಜ್ಜನ ಹತ್ತಿರವೂ ಹೇಳಿದ್ದೇನೆ. "ನಿಜ. ಆಗ ನಮಗೆ ಅದು ಕಾಣಿಸಲೇ ಇಲ್ಲ," ಅಂದರು.

ಹಾಗಾಗಿಯೇ ಡಿ.ಕೆ. ಮೆಟ್‌ಕಾಫ್ ಓಲ್ ಮಿಸ್‌ಗೆ ಸೇರಿದ ಕಥೆ ನನಗೆ ಜಾಸ್ತಿ ಖುಷಿ ಕೊಟ್ಟಿತು. ಅವನ ಅಪ್ಪ ಟೆರೆನ್ಸ್ ಮೆಟ್‌ಕಾಫ್ ಅದೇ ತಂಡದ ಹೆಸರಾಂತ ಕಪ್ಪು ಆಟಗಾರ. 2001ರಲ್ಲಿ ಈಲೈ ಮ್ಯಾನಿಂಗ್ ಮೈಮೇಲೆ ಎದುರಾಳಿಗಳು ಬೀಳದಂತೆ ಮುಂದೆ ನಿಂತು ತಡೆದವರಲ್ಲಿ ಒಬ್ಬರು. ಡಿ.ಕೆ. ಹುಟ್ಟಿದ್ದೂ ಆಕ್ಸ್‌ಫರ್ಡ್‌ನಲ್ಲೇ, ಹೈಸ್ಕೂಲು ಓದಿದ್ದೂ ಅಲ್ಲೇ. ಅವನು ಚೆಂಡು ಹಿಡಿದು ಓಡುವಾಗ ಅಜ್ಜ ಎದ್ದು ನಿಂತು "ಟೆರೆನ್ಸ್ ಮಗ! ಟೆರೆನ್ಸ್ ಮಗ!" ಅಂತ ಕೂಗಿದ್ದನ್ನು ನಾನು ಪಕ್ಕದಲ್ಲೇ ನಿಂತು ಕೇಳಿದ್ದೇನೆ.

ಈಲೈ ಬಂದದ್ದೂ ಚಂದದ ಕಥೆ. ಟೆನೆಸಿಯಲ್ಲಿ ಪೇಟನ್‌ಗೆ ಕಲಿಸಿದ ಡೇವಿಡ್ ಕಟ್‌ಕ್ಲಿಫ್ 1998ರ ಕೊನೆಗೆ ಓಲ್ ಮಿಸ್‌ನ ಮುಖ್ಯ ಕೋಚ್ ಆದರು. ಕೊನೆಯ ಮಗ ಅವರನ್ನು ನಂಬಿ ಅಪ್ಪನ ಕಾಲೇಜಿಗೆ ಬಂದ. 18 ಹಾಕಲಿಲ್ಲ, 10 ಹಾಕಿದ. 2003ರಲ್ಲಿ ತಂಡ ಹತ್ತು ಪಂದ್ಯ ಗೆದ್ದಿತು. ಕ್ಯಾಂಪಸ್‌ನ ಮ್ಯಾನಿಂಗ್ ವೇ ಎಂಬ ರಸ್ತೆಯಲ್ಲಿ ಈಗ ಮಿತಿ 10 ಮೈಲಿ. ಗಮನಿಸಿ, ಪೇಟನ್ ಅಲ್ಲಿಗೆ ಹೋಗದಿದ್ದರೆ ಈಲೈ ಇಲ್ಲಿಗೆ ಬರುತ್ತಿದ್ದನೋ ಇಲ್ಲವೋ! ಅವತ್ತು ಪತ್ರ ಬರೆದವರಿಗೆ ಇದು ಗೊತ್ತಿರಲಿಲ್ಲ.

ನಮ್ಮಲ್ಲೂ ಇದೇ ಆಯಿತಲ್ಲ. ರೋಜರ್ ಬಿನ್ನಿ 1983ರ ವಿಶ್ವಕಪ್‌ನಲ್ಲಿ 18 ವಿಕೆಟ್ ಕಿತ್ತವರು. ಮಗ ಸ್ಟುವರ್ಟ್ ತಂಡಕ್ಕೆ ಬಂದಾಗ ಅಪ್ಪ ಸೆಲೆಕ್ಟರ್ ಅಂತ ಆಡಿಕೊಂಡವರು ಎಷ್ಟು ಜನ! 2014ರಲ್ಲಿ ಮೀರ್‌ಪುರದಲ್ಲಿ ಆತ 4 ರನ್ನಿಗೆ 6 ವಿಕೆಟ್ ತೆಗೆದು ಕುಂಬ್ಳೆಯವರ ದಾಖಲೆ ದಾಟಿದರು. ಆಮೇಲೂ ಮಾತು ನಿಲ್ಲಲಿಲ್ಲ. 2024ರಲ್ಲಿ ಸಮಿತ್ ದ್ರಾವಿಡ್‌ನನ್ನು ಮೈಸೂರು ವಾರಿಯರ್ಸ್ 50 ಸಾವಿರ ರೂಪಾಯಿಗೆ ತೆಗೆದುಕೊಂಡಾಗ ಮೊದಲ ದಿನವೇ ಅಪ್ಪನ ಜೊತೆ ಹೋಲಿಕೆ ಶುರು. ಹುಡುಗ ಇನ್ನೂ ಪ್ಯಾಡ್ ಕಟ್ಟಿರಲಿಲ್ಲ. ದಯವಿಟ್ಟು ಹಾಗೆ ಮಾಡಬೇಡಿ. ಅಪ್ಪನ ಆಟ ನೆನೆಯಿರಿ, ಎಷ್ಟು ಬೇಕಾದರೂ ನೆನೆಯಿರಿ. ಮಗನ ಆಟ ಶುರುವಾದಾಗ ಅವನನ್ನು ನೋಡಿ.

ಮ್ಯಾನಿಂಗ್ ಮನೆಯಲ್ಲಿ ಈಗ ಮೂರನೇ ತಲೆಮಾರು. ಕೂಪರ್ ಮಗ ಆರ್ಚ್. ಕಾಲೇಜಿನಲ್ಲಿ ಒಂದೂ ಪಂದ್ಯ ಆಡಲಾಗದ ಆ ಕೂಪರ್‌ನ ಮಗ. ಇವತ್ತಿನ ಕಾಲವೇ ಬೇರೆ. 2021ರಿಂದ ಕಾಲೇಜು ಆಟಗಾರರು ತಮ್ಮ ಹೆಸರು, ಮುಖದಿಂದ ದುಡ್ಡು ಗಳಿಸಬಹುದು. ತುಂಬ ಹುಡುಗರು ಕ್ಯಾಮೆರಾ ಮುಂದೆ ಮೂರ್ನಾಲ್ಕು ಕಾಲೇಜಿನ ಟೋಪಿಗಳನ್ನು ಮೇಜಿನ ಮೇಲೆ ಇಟ್ಟುಕೊಂಡು ಒಂದನ್ನು ತಲೆಗೆ ಹಾಕಿಕೊಂಡು ತೋರಿಸುತ್ತಾರೆ. ಆರ್ಚ್ ಅದೇನೂ ಮಾಡಲಿಲ್ಲ. 2022ರ ಜೂನ್ 23ರಂದು ಚಿಕ್ಕದೊಂದು ಟ್ವೀಟ್. ಟೆಕ್ಸಾಸ್. ತಾತ ಆರ್ಚಿಯ ಓಲ್ ಮಿಸ್ ಅಲ್ಲ, ಚಿಕ್ಕಪ್ಪ ಪೇಟನ್‌ನ ಟೆನೆಸಿಯೂ ಅಲ್ಲ. 18 ಅಲ್ಲ, 10 ಅಲ್ಲ, 16.

ಅವತ್ತು ಸಂಜೆ ನಾನು ಎದುರು ಮನೆಗೆ ಹೋದೆ. ಅವರಿಗೆ ಬೇಸರವಾಗಿರುತ್ತದೆ ಅಂದುಕೊಂಡಿದ್ದೆ. ಬೇಸರ ಇತ್ತು. ಮುಚ್ಚಿಡಲಿಲ್ಲ. "ನಮ್ಮಲ್ಲಿಗೆ ಬಂದಿದ್ದರೆ ಚೆನ್ನಾಗಿತ್ತು," ಅಂದರು. ಆಮೇಲೆ ಒಳಗೆ ಹೋಗಿ ಟೀ ತಂದರು. ಆ ಹುಡುಗನ ಶಾಲೆಯ ಪಂದ್ಯಗಳ ವಿಡಿಯೋ ಹೇಗೆ ಹಾಕುವುದು ಅಂತ ಕೇಳಿದರು. ಫೋನಿನಲ್ಲಿ ಹಾಕಿ ಕೊಟ್ಟೆ. ಮೂರು ಸಲ ನೋಡಿದರು. "ಓಡುವುದು ತಾತನ ಹಾಗೆ," ಅಂದರು.

2025ರ ಆಗಸ್ಟ್ 30ರಂದು ಟೆಕ್ಸಾಸ್‌ನ ಆ ವರ್ಷದ ಮೊದಲ ಪಂದ್ಯ ಒಹಾಯೋ ಸ್ಟೇಟ್ ಜೊತೆ. ಅಜ್ಜನ ಮನೆಯಲ್ಲೇ ನೋಡಿದೆವು. ಓಲ್ ಮಿಸ್‌ನ ಕೆಂಪು ಟೋಪಿ ಹಾಕಿಕೊಂಡೇ ಕೂತಿದ್ದರು. ಟೆಕ್ಸಾಸ್ 14-7ರಲ್ಲಿ ಸೋತಿತು. ಆರ್ಚ್ ಸರಿಯಾಗಿ ಆಡಲಿಲ್ಲ. ನನ್ನ ಫೋನಿನಲ್ಲಿ ಆಗಲೇ ಬೈಗುಳ ಹರಿಯುತ್ತಿತ್ತು. ಬರೀ ಹೆಸರಿನ ಬಲ, ಇವನಿಗೇನು ಬರುತ್ತದೆ, ಅಂತೆಲ್ಲ. ಒಂದೆರಡನ್ನು ಓದಿ ಹೇಳಿದೆ. ಅಜ್ಜ ಕೈ ಎತ್ತಿ ಸಾಕು ಅಂದರು.

ಹೊರಡುವಾಗ ಬಾಗಿಲವರೆಗೆ ಬಂದರು.

"ಮುಂದಿನ ಶನಿವಾರ ಮತ್ತೆ ಅವನ ಪಂದ್ಯ ಇದೆ," ಅಂದರು. "ಮಕ್ಕಳನ್ನೂ ಕರೆದುಕೊಂಡು ಬಾ."