ಸ್ಪಷ್ಟನೆ: ಓಎಲ್‌ಇಡಿ ಪರದೆ ಕನ್ನಡಕ ತಪ್ಪಿಸುವುದಿಲ್ಲ

"ಓಎಲ್‌ಇಡಿ ಪರದೆಯಲ್ಲಿ ನೀಲಿ ಬೆಳಕು ಕಡಿಮೆ, ಅದನ್ನೇ ಕೊಡಿಸಿದರೆ ಮಕ್ಕಳಿಗೆ ಕನ್ನಡಕ ಬರಲ್ಲ" ಅನ್ನೋ ಸಂದೇಶ ರಾಯಚೂರಿನ ಪೋಷಕರ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು.

ಓಎಲ್‌ಇಡಿಯಲ್ಲಿ ಪ್ರತಿ ಪಿಕ್ಸೆಲ್ (ಪರದೆಯ ಚಿಕ್ಕ ಚುಕ್ಕಿ) ತಾನೇ ಬೆಳಗುತ್ತದೆ, ಕಪ್ಪು ಬೇಕಾದಲ್ಲಿ ಪೂರ್ತಿ ಆರುತ್ತದೆ. ಫೋಟೋ, ವಿಡಿಯೋ ಚೆನ್ನಾಗಿ ಕಾಣುತ್ತವೆ, ಅಷ್ಟೇ. ಪರದೆಯ ನೀಲಿ ಬೆಳಕು ಕಣ್ಣು ಕೆಡಿಸುತ್ತದೆ ಎನ್ನಲು ಪುರಾವೆ ಇಲ್ಲ ಎಂದು ಅಮೆರಿಕದ ನೇತ್ರತಜ್ಞರ ಅಕಾಡೆಮಿಯೇ ಹೇಳಿದೆ. ಕಣ್ಣು ಉರಿಯುವುದು ರೆಪ್ಪೆ ಮಿಟುಕಿಸುವುದು ಕಡಿಮೆಯಾಗುವುದರಿಂದ. 20 ನಿಮಿಷಕ್ಕೊಮ್ಮೆ, 20 ಸೆಕೆಂಡ್ ದೂರ ನೋಡಲಿ. ಸಂಜೆ ಹೊರಗೆ ಆಡಲಿ.

ನಮ್ಮೂರ ಬಿಸಿಲಿಗೆ ಬೇಕಾದದ್ದೇ ಬೇರೆ. ಏಪ್ರಿಲ್ ಮಧ್ಯಾಹ್ನ ಪಡಸಾಲೆಯಲ್ಲಿ ಕೂತರೆ 250 ನಿಟ್ಸ್ (ಪರದೆಯ ಬೆಳಕಿನ ಅಳತೆ) ಪರದೆಯಲ್ಲಿ ಬಾಗಿಲ ಬೆಳಕೇ ಜಾಸ್ತಿ, ಅಕ್ಷರ ಕಾಣಲ್ಲ. 400 ನಿಟ್ಸ್ ಇರುವ, ಕನ್ನಡಿಯಂತೆ ಹೊಳೆಯದ ಮ್ಯಾಟ್ ಪರದೆಗೆ ದುಡ್ಡು ಹಾಕಿ. ಸಾಲ ಮಾಡಿ ಓಎಲ್‌ಇಡಿ ತರಬೇಡಿ. ಆ ಸಂದೇಶವನ್ನು ದಯವಿಟ್ಟು ಮುಂದೆ ಕಳಿಸಬೇಡಿ.