ಜಾತ್ರೆಯಲ್ಲಿ ಮಕ್ಕಳ ಕೈಗೆ ಆ ಕಪ್ಪು ಪೇಸ್ಟ್ ಹಚ್ಚಿಸಬೇಡ್ರಿ

ನಿನ್ನೆ ಸಂಜೆ ಕೊಪ್ಪಳದ ಕಡೆಯ ಒಂದು ಜಾತ್ರೆಯಲ್ಲಿ ಕಂಡದ್ದು. ಏಳೆಂಟು ವರ್ಷದ ಹುಡುಗ, ಮುಂಗೈ ಮೇಲೆ ಚೇಳಿನ ಚಿತ್ರ ಹಾಕಿಸಿಕೊಳ್ಳುತ್ತಿದ್ದ. ಹಾಕುವವನ ಬಟ್ಟಲಲ್ಲಿ ಡಾಂಬರಿನಂಥ ಕಪ್ಪು ಪೇಸ್ಟ್, 'ಕಪ್ಪು ಮೆಹಂದಿ' ಅಂತಾರಲ್ಲ, ಅದು. "ಅರ್ಧ ತಾಸು ಬಿಟ್ಟು ತೊಳೀರಿ ಅಕ್ಕಾರ, ಹದಿನೈದು ದಿನ ಹೋಗಂಗಿಲ್ಲ" ಅಂದ. "ಟೆಂಪರರಿ ಐತಲ್ಲ, ಏನಾಗತೈತಿ" ಅಂತ ಆ ತಾಯಿ ರೊಕ್ಕ ಕೊಟ್ಟರು. ಮೆಹಂದಿ ಕೋನ್ ಹಿಡಿದೇ ಬದುಕುವ ನನಗೆ ಎಷ್ಟು ಸಿಟ್ಟು ಬಂದಿರಬಹುದು ಅಂತ ನಿಮಗೆ ಹೇಳಬೇಕಿಲ್ಲ.

ಟೆಂಪರರಿ ಆಗಿರೋದು ಬಣ್ಣ ಮಾತ್ರ. ಅಲರ್ಜಿ ಹತ್ತಿದರೆ ಅದು ಜೀವನಪೂರ್ತಿ.

ಮೆಹಂದಿ ಎಲೆಯ ಬಣ್ಣಕ್ಕೆ ಲಾಸೋನ್ ಅಂತಾರೆ. ಅದು ಚರ್ಮಕ್ಕೆ ಚೆನ್ನಾಗಿ ಹಿಡಿಯಲು ನಾಲ್ಕರಿಂದ ಆರು ತಾಸು ಬೇಕು. ಉದುರಿಸಿದಾಗ ಕಿತ್ತಳೆ, ಆಮೇಲೆ 24ರಿಂದ 48 ತಾಸಿನಲ್ಲಿ ಕಂದುಗೆಂಪು. ಅಂಗೈ ಚರ್ಮ ದಪ್ಪ, ಅಲ್ಲಿ ಗಾಢವಾಗುತ್ತದೆ. ಮುಂಗೈ ಮೇಲೆ ತಿಳಿಯಾಗಿಯೇ ಉಳಿಯುತ್ತದೆ. ಎಲೆಯಿಂದ ಆಗೋದು ಇಷ್ಟೇ. ಅರ್ಧ ತಾಸಿಗೆ ಕರ್ರಗೆ ಕೂತಿತು ಅಂದರೆ ಅದರಲ್ಲಿ ಪಿಪಿಡಿ ಇದೆ ಅಂತಲೇ ತಿಳಿಯಿರಿ. ಪೂರ್ತಿ ಹೆಸರು ಪ್ಯಾರಾ ಫಿನೈಲಿನ್ ಡಯಮೀನ್, ತಲೆಗೂದಲಿನ ಡೈ. ಕಿರಾಣಿ ಅಂಗಡಿಯ 'ಕಾಲಿ ಮೆಹಂದಿ' ಪಾಕೀಟಿನ ಹಿಂಬದಿ ಒಮ್ಮೆ ಓದಿ. ಪಿಪಿಡಿ ಇರುವ ಹೇರ್ ಡೈ ಮೇಲೆ ಎಚ್ಚರಿಕೆ ಇರಲೇಬೇಕು ಅಂತ ನಮ್ಮ ದೇಶದ ನಿಯಮವೇ ಇದೆ: ಕೆಲವರಿಗೆ ಚರ್ಮ ಕೆರಳಬಹುದು, ಮೊದಲು ಪರೀಕ್ಷಿಸಿ, ಹುಬ್ಬು ರೆಪ್ಪೆಗೆ ಹಚ್ಚಿದರೆ ಕಣ್ಣು ಹೋಗಬಹುದು. ಯುರೋಪಿನಲ್ಲಿ ಕೂದಲಿಗೆ ಹಚ್ಚುವಾಗಲೂ ಕಲಸಿದ ಡೈನಲ್ಲಿ ಪಿಪಿಡಿ 2%ಕ್ಕಿಂತ ಹೆಚ್ಚಿರುವಂತಿಲ್ಲ. ಜಾತ್ರೆಯ ಬಟ್ಟಲಲ್ಲಿ ಎಷ್ಟಿದೆ ಅಂತ ಅಳೆದವರು ಯಾರು?

ಮೊದಲ ಸಲ ಹಚ್ಚಿದವರಿಗೆ ಅಲರ್ಜಿ ಹತ್ತಿದರೆ ತುರಿಕೆ ಶುರುವಾಗೋದು ಸಾಮಾನ್ಯವಾಗಿ ಒಂದೆರಡು ವಾರದ ಮೇಲೆ. ಅಷ್ಟರಲ್ಲಿ ಹಾಕಿದವನು ಗಂಟು ಕಟ್ಟಿಕೊಂಡು ಇನ್ನೊಂದು ಊರಿಗೆ ಹೋಗಿರುತ್ತಾನೆ. ಚೇಳಿನ ಗೆರೆ ಎಲ್ಲೆಲ್ಲಿದೆಯೋ ಅಲ್ಲಲ್ಲೇ ಚರ್ಮ ಉಬ್ಬಿ, ನೀರುಗುಳ್ಳೆ ಏಳುತ್ತವೆ. ವಾಸಿಯಾದ ಮೇಲೂ ಬಿಳಿ ಕಲೆ ತಿಂಗಳುಗಟ್ಟಲೆ ಉಳಿಯಬಹುದು, ಒಮ್ಮೊಮ್ಮೆ ಕಾಯಂ. ಹಾಗೆ ಅಲರ್ಜಿ ಹತ್ತಿದ್ದರೆ ಆ ಹುಡುಗ ದೊಡ್ಡವನಾಗಿ ಕೂದಲಿಗೆ ಡೈ ಹಚ್ಚಿದಾಗ ಮುಖ ಬಾತುಕೊಳ್ಳಬಹುದು, ಯಾಕೆ ಅಂತ ಮನೆಯವರಿಗೆ ಹೊಳೆಯೋದೂ ಇಲ್ಲ.

"ನಮ್ಮ ಅಮ್ಮಾರು ಕಾಲದಿಂದ ಹಚ್ಚೀವಿ" ಅಂತೀರಿ. ಅವರು ಹಚ್ಚಿದ್ದು ಸೊಪ್ಪು ಅರೆದು. "ಹೋದ ವರ್ಷ ಹಾಕಿಸಿದ್ವಿ, ಏನೂ ಆಗಲಿಲ್ಲ" ಅನ್ನೋರಿಗೂ ಹೇಳುತ್ತೇನೆ: ಕೆಲವರಲ್ಲಿ ಮೊದಲ ಸಲ ಮೈ ಸುಮ್ಮನೆ ಗುರುತು ಹಿಡಿದುಕೊಳ್ಳುತ್ತದೆ, ತಿರುಗಿಬೀಳೋದು ಮುಂದಿನ ಸಲ, ಅದೂ ಒಂದು-ಮೂರು ದಿನದೊಳಗೆ. ಅವರ ಹೊಟ್ಟೆಪಾಡು ಅನ್ನೋದು ನನಗೂ ಗೊತ್ತು. ಆದರೆ ಅದೇ ಜಾಗದಲ್ಲಿ ನೀರು ಮುಟ್ಟಿಸಿ ಅಂಟಿಸುವ ಟ್ಯಾಟೂ ಸ್ಟಿಕ್ಕರ್ ಹಚ್ಚಿಕೊಟ್ಟರೂ ನಾಲ್ಕು ಕಾಸು ಬರುತ್ತದೆ. ಮಗುವಿನ ಚರ್ಮ ಸುಟ್ಟು ಹೊಟ್ಟೆ ಹೊರೆಯಬೇಕಿಲ್ಲ.

ಮಕ್ಕಳಿಗೆ ಟ್ಯಾಟೂ ಬೇಕೇ ಬೇಕು ಅಂದರೆ ಆ ಸ್ಟಿಕ್ಕರೇ ಕೊಡಿಸಿ. ಹಾಳೆಯ ಹಿಂದೆ ಏನೇನು ಹಾಕಿದ್ದಾರೆ ಅಂತ ಮತ್ತು ತಾರೀಖು ಮುದ್ರಿಸಿರಬೇಕು. ತುಂಬು ಕಪ್ಪಿನ ದೊಡ್ಡ ಚಿತ್ರ ಬೇಡ, ಕೈ ಮಡಚಿದಂತೆ ಬಿರುಕು ಬಿಡುತ್ತದೆ; ಗೆರೆಗೆರೆಯ ಸಣ್ಣ ಚಿತ್ರ ಚೆನ್ನಾಗಿ ನಿಲ್ಲುತ್ತದೆ. ಹೆಸರು ಬರೆದದ್ದಾದರೆ ಹಾಳೆಯಲ್ಲಿ ಅಕ್ಷರ ಉಲ್ಟಾ ಕಾಣಬೇಕು, ನೆಟ್ಟಗೆ ಕಂಡರೆ ಕೈ ಮೇಲೆ ಉಲ್ಟಾ ಬೀಳುತ್ತದೆ. ತೀರಾ ಸಣ್ಣದಾಗಿದ್ದರೆ ಒತ್ತಕ್ಷರ ಕಲಸಿಹೋಗುತ್ತದೆ. ಮೊಣಕೈ, ಮಣಿಕಟ್ಟಿನ ಮಡಿಕೆ ಬಿಟ್ಟು ತೋಳಿನ ಹೊರಬದಿಗೆ ಹಚ್ಚಿ.

ಚಿತ್ರದ ಸುತ್ತ ಎರಡು ಮಿಲಿಮೀಟರ್ ಬಿಟ್ಟು ಕತ್ತರಿಸಿ. ಹೆಚ್ಚು ಬಿಟ್ಟರೆ ಆ ಪಾರದರ್ಶಕ ಅಂಚಿಗೆ ಧೂಳು ಹತ್ತಿ ಅಲ್ಲಿಂದಲೇ ಏಳುತ್ತದೆ. ನಮ್ಮಲ್ಲಿ ಮಕ್ಕಳ ಮೈಗೆ ಕೊಬ್ಬರಿ ಎಣ್ಣೆ ಇದ್ದೇ ಇರುತ್ತದೆ, ಸ್ಟಿಕ್ಕರ್ ಕೂರದಿರುವುದಕ್ಕೆ ಹೆಚ್ಚಿನ ಸಲ ಅದೇ ಕಾರಣ. ಸೋಪಿನಲ್ಲಿ ತೊಳೆದು, ಪೂರ್ತಿ ಒಣಗಿಸಿ. ಮೇಲಿನ ಪ್ಲಾಸ್ಟಿಕ್ ಹಾಳೆ ತೆಗೆದು, ಚಿತ್ರ ಚರ್ಮಕ್ಕೆ ತಾಗುವಂತೆ ಒತ್ತಿ, ಹಿಂಬದಿಯ ಕಾಗದ ಪೂರ್ತಿ ನೆನೆಯುವಂತೆ ಒದ್ದೆ ಬಟ್ಟೆ ಇಟ್ಟು 30 ಸೆಕೆಂಡ್ ಅಲುಗಾಡದೆ ಹಿಡಿಯಿರಿ. ಕಾಗದವನ್ನು ಕಿತ್ತೆಬ್ಬಿಸಬೇಡಿ, ಪಕ್ಕಕ್ಕೆ ಜಾರಿಸಿ. ಮೂಲೆಯಲ್ಲಿ ಚಿತ್ರ ಇನ್ನೂ ಕಾಗದಕ್ಕೇ ಅಂಟಿದ್ದರೆ ಮತ್ತೆ ನೀರು ಮುಟ್ಟಿಸಿ ಹತ್ತು ಸೆಕೆಂಡ್ ಕಾಯಿರಿ. ಹತ್ತು ನಿಮಿಷ ಮುಟ್ಟದೆ ಒಣಗಿಸಿ, ಮೇಲೆ ಚಿಟಿಕೆ ಮುಖದ ಪೌಡರ್ ತಟ್ಟಿದರೆ ಮೇಲಿನ ಜಿಗುಟು ಹೋಗುತ್ತದೆ. ಬಳ್ಳಾರಿ, ರಾಯಚೂರಿನ ಬ್ಯಾಸಿಗೆಯಲ್ಲಿ ಮಧ್ಯಾಹ್ನ ಹಚ್ಚಿದರೆ ಒಳಗೆ ಬೆವರು ಕಟ್ಟಿ ಸಂಜೆಗೇ ಸುಲಿಯುತ್ತದೆ; ಸಂಜೆ ಸ್ನಾನ ಆದ ಮೇಲೆ ಫ್ಯಾನ್ ಕೆಳಗೆ ಕೂಡಿಸಿ ಹಚ್ಚಿ. ಎರಡರಿಂದ ಐದು ದಿನ ಇರುತ್ತದೆ. ತೆಗೆಯಲು ಕಲ್ಲಿನಿಂದ ತಿಕ್ಕಬೇಡಿ, ಎರಡು ನಿಮಿಷ ಕೊಬ್ಬರಿ ಎಣ್ಣೆ ನೆನೆಸಿ ಹತ್ತಿಯಲ್ಲಿ ಒರೆಸಿದರೆ ಸಾಕು.

ಮೆಹಂದಿಯೇ ಬೇಕಾದರೆ ಹಸಿರುಗಂದು ಬಣ್ಣದ, ಸೊಪ್ಪಿನ ವಾಸನೆಯ ಪೇಸ್ಟ್ ನೋಡಿ ಹಾಕಿಸಿ. ಹಸುಗೂಸುಗಳಿಗೆ ಅದೂ ಬೇಡ: ಜಿ6ಪಿಡಿ ಎಂಬ ಕಿಣ್ವದ (ಎನ್‌ಜೈಮ್) ಕೊರತೆ ಹುಟ್ಟಿನಿಂದ ಇರುವ ಮಗುವಿಗೆ ಅಪ್ಪಟ ಮೆಹಂದಿಯಿಂದಲೂ ರಕ್ತಕಣ ಒಡೆಯಬಹುದು.

ಕಪ್ಪು ಪೇಸ್ಟ್ ಈಗಾಗಲೇ ಹಚ್ಚಿಸಿದ್ದರೆ ಒಣಗುವ ತನಕ ಕಾಯದೆ ಸೋಪು ನೀರಿನಲ್ಲಿ ತೊಳೆದುಬಿಡಿ. ಗುಳ್ಳೆ ಎದ್ದರೆ ಅರಿಸಿನ, ಟೂತ್‌ಪೇಸ್ಟ್ ಬಳಿಯದೆ ಚರ್ಮದ ಡಾಕ್ಟರ ಹತ್ತಿರ ಹೋಗಿ. 'ಕಪ್ಪು ಮೆಹಂದಿ ಹಾಕಿಸಿದ್ವಿ' ಅಂತ ಬಾಯಿಬಿಟ್ಟು ಹೇಳಿ, ಇಲ್ಲದಿದ್ದರೆ ಅವರಿಗೆ ತಿಳಿಯೋದಿಲ್ಲ. ಪಿಪಿಡಿ ಅಲರ್ಜಿ ಅಂತ ಖಚಿತವಾದರೆ ಮಗುವಿನ ಆಸ್ಪತ್ರೆ ಚೀಟಿಯಲ್ಲಿ ಬರೆಸಿಕೊಳ್ಳಿ. ಕೆಲವು ಮರಗಟ್ಟಿಸುವ ಔಷಧಿಗಳಿಗೂ ಅಂಥವರ ಮೈ ಕೆರಳಬಹುದು.