ಕಾಶಿಗೆ ಹೊರಡುವ ಮನೆಗಾಡಿಗೆ ಹೊಸ ಡೀಸೆಲ್ ಎಂಜಿನ್ನೇ ಬೇಕಾ?

ಬಳ್ಳಾರಿಯ ನಮ್ಮ ಮನೆಯಲ್ಲಿ ಮೂರು ತಿಂಗಳಿಂದ ಇದೇ ಮಾತು. ಅಪ್ಪ-ಅಮ್ಮನನ್ನು ಕಾಶಿಗೆ ಕರೆದುಕೊಂಡು ಹೋಗಲು ಒಂದು ಮನೆಗಾಡಿ ಮಾಡಿಸಬೇಕು. ಒಳಗೆ ಮಂಚ, ಒಲೆ, ಟಾಯ್ಲೆಟ್ ಇರಬೇಕು. ಕಂಪನಿ ಸರ್ವೀಸ್ ಇರುವ, ಹೊಗೆ ಮಿತಿಯ ಹೊಸ ನಿಯಮದ ಬಿಎಸ್6 ಗಾಡಿ ತಗೊಳ್ಳೋಣ ಅಂತ ತಂಗಿ. ಹಳೆಯ ಎಂಜಿನ್ನಿನ ಒಳ್ಳೆ ಗಾಡಿ ಹುಡುಕೋಣ ಅಂತ ಅಣ್ಣ. ಇಬ್ಬರೂ ಬರೆದಿದ್ದೇವೆ.

ಪರ: ತಂಗಿ

ಅಪ್ಪನಿಗೆ ಮಂಡಿ ನೋವು. ಅಮ್ಮನಿಗೆ ಶುಗರ್, ಎರಡು ಗಂಟೆಗೊಮ್ಮೆ ಟಾಯ್ಲೆಟ್ ಬೇಕು. ಇವರಿಬ್ಬರನ್ನು ಕೂರಿಸಿಕೊಂಡು ನಾಗಪುರ ದಾಟಿದ ಮೇಲೆ ಗಾಡಿ ನಿಂತರೆ ಏನು ಗತಿ? ಅಣ್ಣನಿಗೆ ಬಳ್ಳಾರಿಯಿಂದ ಸಿಂಧನೂರಿನ ತನಕ ಎಲ್ಲ ಗ್ಯಾರೇಜಿನವರೂ ಪರಿಚಯ. ಅವರ್ಯಾರೂ ಜಬಲ್ಪುರಕ್ಕೆ ಬರಲ್ಲ. ಕಂಪನಿಯ ವರ್ಕ್‌ಶಾಪ್ ದೊಡ್ಡ ಊರುಗಳಲ್ಲೆಲ್ಲ ಸಿಗುತ್ತದೆ. ಅದೇ ಪಾರ್ಟ್ ನಂಬರ್, ಅದೇ ಸ್ಕ್ಯಾನರ್, ಅದೇ ವಾರಂಟಿ.

ನಮ್ಮ ಹಳೆ ವ್ಯಾನಿನ ಕತೆ ನಾನು ಮರೆತಿಲ್ಲ. ಏಪ್ರಿಲ್ ಬಿಸಿಲಲ್ಲಿ, ತೋರಣಗಲ್ಲಿನ ಹತ್ತಿರ ಎಂಜಿನ್ ಹೆಡ್ಡಿನ ಕೆಳಗಿನ ಸೀಲು, ಅಂದ್ರೆ ಹೆಡ್ ಗ್ಯಾಸ್ಕೆಟ್, ಹೋಯಿತು. ಬಾನೆಟ್ ಸಂದಿಯಿಂದ ಹಬೆ ಬುಸುಗುಟ್ಟುತ್ತಾ ಬಂತು. ಅಮ್ಮ ಒಂದು ಬೇವಿನ ಮರದ ಕೆಳಗೆ ಮೂರು ಗಂಟೆ ಕೂತಿದ್ದಳು. ಗ್ಯಾರೇಜಿನವರು ಡೂಪ್ಲಿಕೇಟ್ ಗ್ಯಾಸ್ಕೆಟ್ ಹಾಕಿದರು, ಎರಡೇ ತಿಂಗಳಿಗೆ ಅದೂ ಹೋಯಿತು. ಹೆಡ್ಡನ್ನು ಲೇತ್‌ಗೆ ಕೊಟ್ಟು ಮಟ್ಟ ಮಾಡಿಸಿರಲೇ ಇಲ್ಲ ಅಂತ ಆಮೇಲೆ ಗೊತ್ತಾಯಿತು. ಕೇಳೋಣ ಅಂದರೆ ಕೈಯಲ್ಲಿ ಒಂದು ಬಿಲ್ಲೂ ಇರಲಿಲ್ಲ.

ಎಂಜಿನ್ ವಿಷಯಕ್ಕೆ ಬರುತ್ತೇನೆ. ಫೋರ್ಸ್ ಕಂಪನಿಯ ಟ್ರಾವೆಲರ್, ಅರ್ಬೇನಿಯಾ ವ್ಯಾನ್ ಎರಡರಲ್ಲೂ 2.6 ಲೀಟರ್ ಕಾಮನ್ ರೇಲ್ ಡೀಸೆಲ್ ಎಂಜಿನ್. 115 ಎಚ್‌ಪಿ, 350 ಎನ್‌ಎಂ ಟಾರ್ಕ್, ಅಂದ್ರೆ ಎಳೆಯುವ ಬಲ. ಟಾಟಾ ವಿಂಗರ್‌ನಲ್ಲಿ 2.2 ಲೀಟರ್, ಸುಮಾರು 100 ಎಚ್‌ಪಿ, 200 ಎನ್‌ಎಂ. ಮನೆಗಾಡಿಗೆ ಎಚ್‌ಪಿಗಿಂತ ಟಾರ್ಕ್ ನೋಡಬೇಕು. 150 ಲೀಟರ್ ನೀರು ಅಂದ್ರೆ 150 ಕೆಜಿ. ಅದರ ಮೇಲೆ ಮಂಚ, ಫ್ರಿಜ್, ಬ್ಯಾಟರಿ, ಸಿಲಿಂಡರ್, ನಾವು ಐದು ಜನ. ಇಷ್ಟು ಭಾರ ಹೊತ್ತು ಘಾಟಿ ಹತ್ತುವಾಗ ಎಂಜಿನ್ ಕಿರುಚದೆ ಎಳೆಯಬೇಕು. ನನ್ನ ಓಟು 2.6ಕ್ಕೆ.

ಕಾಗದಪತ್ರವೂ ಇದೆ. ಸೆಕೆಂಡ್ ಹ್ಯಾಂಡಲ್ಲಿ ಸಿಗುವ ಟೆಂಪೋ ಟ್ರಾವೆಲರ್‌ಗಳು ಹೆಚ್ಚಾಗಿ ಹಳದಿ ಬೋರ್ಡಿನವು. ಸೀಟು ಕಿತ್ತು ಮಂಚ ಹಾಕಬೇಕೆಂದರೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ, ಸುಮ್ನೆ ಮಾಡೋ ಹಾಗಿಲ್ಲ. ಮನೆಗಾಡಿಗಳಿಗೆ ಎಐಎಸ್-124 ಅಂತ ಬೇರೆ ನಿಯಮವೇ ಇದೆ. ಹೊಸ ಗಾಡಿಯನ್ನು ಒಪ್ಪಿಗೆ ಇರುವ ಬಾಡಿ ಬಿಲ್ಡರ್ ಹತ್ತಿರ ಮಾಡಿಸಿದರೆ ಆರ್‌ಸಿಯಲ್ಲೇ ಸರಿಯಾಗಿ ಬರುತ್ತದೆ. ಅಪ್ಪನನ್ನು ಒಳಗೆ ಮಲಗಿಸಿಕೊಂಡು ಪರರಾಜ್ಯದ ಚೆಕ್‌ಪೋಸ್ಟಿನಲ್ಲಿ ವಾದ ಮಾಡೋಕೆ ನನ್ನಿಂದ ಆಗಲ್ಲ, ಅಣ್ಣ.

ವಿರೋಧ: ಅಣ್ಣ

ತಂಗಿ ಹೇಳಿದ ಗ್ಯಾಸ್ಕೆಟ್ ಕತೆ ನಿಜ. ಆವತ್ತು ಓಡಿಸುತ್ತಿದ್ದವನು ನಾನೇ. ಎಂಜಿನ್ ಬಿಸಿ ತೋರಿಸುವ ಗೇಜ್ ಮುಳ್ಳು ಏರಿದ್ದನ್ನು ನೋಡಬೇಕಿತ್ತು, ನೋಡಲಿಲ್ಲ. ಆರ್‌ಟಿಒ ಮಾತೂ ನಿಜ, ಆ ಕೆಲಸಕ್ಕೆ ಓಡಾಡಲೇಬೇಕು. ಆದರೂ ಹೊಸ ಎಂಜಿನ್ ಬೇಡ ಅನ್ನುತ್ತೇನೆ.

ಹದಿನಾಲ್ಕು ವರ್ಷ ಸಿರುಗುಪ್ಪ, ಗಂಗಾವತಿ ಮಿಲ್ಲುಗಳಿಂದ ಅಕ್ಕಿ ಲೋಡ್ ಹೊಡೆದಿದ್ದೇನೆ. ಕಳೆದ ಮಳೆಗಾಲ ಕಾರಟಗಿ ದಾಟಿದ ಮೇಲೆ ನನ್ನ ಹಳೆ ಪಿಕಪ್ ನಿಂತಿತು. ಡೀಸೆಲ್ ಪೈಪಿನಲ್ಲಿ ಗಾಳಿ ಹಿಡಿದಿತ್ತು. ಪಂಕ್ಚರ್ ಅಂಗಡಿಯ ಹುಡುಗ ಒಂದೇ ಸ್ಪ್ಯಾನರ್ ಹಿಡಿದು ಬಂದ. ಫಿಲ್ಟರ್ ಮೇಲಿನ ಬೋಲ್ಟನ್ನು ಅರ್ಧ ಸುತ್ತು ಸಡಿಲಿಸಿದ. ಹ್ಯಾಂಡ್ ಪಂಪ್ ಒತ್ತುತ್ತಾ ಹೋದ. ಮೊದಲು ನೊರೆ ಬಂತು, ಆಮೇಲೆ ಗುಳ್ಳೆ, ಕೊನೆಗೆ ತಿಳಿ ಡೀಸೆಲ್ ಅವನ ಬೆರಳಿನ ಮೇಲೆ ಹರಿಯಿತು. ಬೋಲ್ಟ್ ಬಿಗಿದ. ಸೆಲ್ಫ್ ಹೊಡೆದೆ, ಎಂಜಿನ್ ಎದ್ದಿತು. ಇಪ್ಪತ್ತು ನಿಮಿಷದ ಕೆಲಸ. ಜಬಲ್ಪುರದ ರಸ್ತೆ ಬದಿಯಲ್ಲೂ ಇಂಥ ಹುಡುಗರು ಇದ್ದಾರೆ, ತಂಗಿ. ಲಾರಿ ಓಡುವ ಕಡೆಯೆಲ್ಲ ಇದ್ದಾರೆ.

ಅದೇ ರಸ್ತೆಯಲ್ಲಿ ನನ್ನ ಗೆಳೆಯನ ಹೊಸ ವ್ಯಾನ್ ರಾತ್ರಿ ಒಂಬತ್ತಕ್ಕೆ ಡ್ಯಾಶ್‌ಬೋರ್ಡಿನ ಎಚ್ಚರಿಕೆ ದೀಪ ಹಚ್ಚಿಕೊಂಡು ಕುಂಟತೊಡಗಿತು. ಎಷ್ಟು ಒತ್ತಿದರೂ ಮೂವತ್ತು ದಾಟಲಿಲ್ಲ. ಕಂಪನಿಯ ನಂಬರಿಗೆ ಫೋನ್ ಮಾಡಿದರೆ ನಾಳೆ ಟೋಯಿಂಗ್ ಕಳಿಸುತ್ತೇವೆ ಅಂದರು. ಸೈಲೆನ್ಸರ್ ಸಾಲಿನ ಡಿಪಿಎಫ್ ಕಟ್ಟಿಕೊಂಡಿತ್ತು, ಅಷ್ಟೇ.

ಈ ಡಿಪಿಎಫ್ ಮನೆಗಾಡಿಯವರು ಮೊದಲು ತಿಳಿದುಕೊಳ್ಳಬೇಕಾದ ವಸ್ತು. 2020ರ ಏಪ್ರಿಲ್ 1ರಿಂದ ಬಿಎಸ್6 ಬಂದ ಮೇಲೆ ಡೀಸೆಲ್ ಗಾಡಿಗಳಿಗೆ ಇದು ಸೇರಿತು. ಹೊಗೆಯ ಮಸಿಯನ್ನು ಹಿಡಿದಿಡುವ ಜರಡಿ ಇದು. ತುಂಬಿದಾಗ ಸುಮಾರು 600 ಡಿಗ್ರಿ ಬಿಸಿ ಮಾಡಿಕೊಂಡು ಮಸಿಯನ್ನು ಸುಡುತ್ತದೆ. ಅದಕ್ಕೆ ಹೆದ್ದಾರಿಯಲ್ಲಿ ಒಂದೇ ಸಮ ಹದಿನೈದು-ಇಪ್ಪತ್ತು ನಿಮಿಷ ಓಡಬೇಕು. ಮನೆಗಾಡಿ ಏನು ಮಾಡುತ್ತದೆ? ಒಂದು ಊರಲ್ಲಿ ಮೂರು ದಿನ ನಿಲ್ಲುತ್ತದೆ. ಬೆಳಿಗ್ಗೆ ಆನೆಗೊಂದಿ, ಮಧ್ಯಾಹ್ನ ಅಂಜನಾದ್ರಿ, ನಾಲ್ಕು ಕಿಲೋಮೀಟರ್ ಓಡಿ ಮತ್ತೆ ನಿಲ್ಲುತ್ತದೆ. ರಾತ್ರಿ ಸೆಕೆ ತಾಳದೆ ಎಂಜಿನ್ ಹಚ್ಚಿಟ್ಟು ಎಸಿ ಹಾಕುತ್ತಾರೆ. ಗಂಟೆಗಟ್ಟಲೆ ಐಡ್ಲಿಂಗ್‌ನಲ್ಲಿ ಮಸಿ ತುಂಬುತ್ತದೆ, ಸುಡಲು ಬೇಕಾದ ಬಿಸಿ ಬರುವುದೇ ಇಲ್ಲ. ಸುಡುವ ಹೊತ್ತಿಗೆ ಗಾಡಿಯನ್ನು ಒಣಗಿದ ಭತ್ತದ ಹುಲ್ಲಿನ ಮೇಲೆ ನಿಲ್ಲಿಸಿದರೆ ಇನ್ನೂ ಅಪಾಯ. ನಮ್ಮ ಕಡೆ ಸುಗ್ಗಿಯಲ್ಲಿ ಹುಲ್ಲಿಲ್ಲದ ರಸ್ತೆ ಬದಿ ಎಲ್ಲಿದೆ?

ಬಳ್ಳಾರಿ ಬಿಸಿಲಿಗೆ ಮೇಲೆ ಸೋಲಾರ್ ಪ್ಯಾನೆಲ್, ಒಳಗೆ ಬೇರೆ ಬ್ಯಾಟರಿ ಹಾಕಿಸಬಹುದು, ನಿಜ. ಆಗ ಇನ್ನೊಂದು ತಕರಾರು ಶುರು. ವೈರಿಂಗ್ ಮುಟ್ಟಿದವನು ಬಾಡಿ ಬಿಲ್ಡರ್, ಎಂಜಿನ್ ಕೊಟ್ಟವನು ಕಂಪನಿ. ಸೆನ್ಸರ್ ಕೈಕೊಟ್ಟರೆ ಇವರು ಅವರ ಕಡೆ ಕೈ ತೋರಿಸುತ್ತಾರೆ, ಅವರು ಇವರ ಕಡೆ. ವಾರಂಟಿ ಯಾರದು ಅಂತ ದುಡ್ಡು ಕಟ್ಟುವ ಮುಂಚೆ ಕಾಗದದಲ್ಲಿ ಬರೆಸಿಕೊಂಡಿದ್ದೀಯಾ, ತಂಗಿ?

ಹಳೆ ಎಂಜಿನ್ನಿನಲ್ಲಿ ಹೊಗೆ ಜಾಸ್ತಿ, ಒಪ್ಪುತ್ತೇನೆ. ಸದ್ದೂ ಜಾಸ್ತಿ. ಆದರೆ ಇಂಥ ಹಳೆ ಎಂಜಿನ್ನಿನ ಬಿಎಸ್3 ಗಾಡಿಗಳ ಮಾರಾಟ ನಿಂತದ್ದು 2017ರ ಏಪ್ರಿಲ್ 1ಕ್ಕೆ. ಆ ಕೊನೆಯ ಗಾಡಿಗಳಿಗೆ ಆರ್‌ಸಿಯ ಹದಿನೈದು ವರ್ಷ ತುಂಬುವುದು 2032ರ ಹೊತ್ತಿಗೆ. ಅಪ್ಪನ ಯಾತ್ರೆಗೆ ಅಷ್ಟು ಸಾಕು.

ಸಿರುಗುಪ್ಪದಲ್ಲಿ ಒಂದು ನೋಡಿಟ್ಟು ಬಂದಿದ್ದೇನೆ. ಬಿಳಿ ಬೋರ್ಡು, ಒಂದು ಮಠದವರು ಇಟ್ಟುಕೊಂಡಿದ್ದು. ಬೆಳಿಗ್ಗೆ ಎಂಜಿನ್ ತಣ್ಣಗಿದ್ದಾಗ ಹೋಗಿ ಒಂದೇ ಸಲ ಸೆಲ್ಫ್ ಹೊಡೆದು ಹಚ್ಚಿದೆ. ಆಯಿಲ್ ಕ್ಯಾಪ್ ಬಿಚ್ಚಿ, ತಿರುಗಿಸಿ ಅದೇ ಬಾಯಿಯ ಮೇಲೆ ಇಟ್ಟೆ. ಪಿಸ್ಟನ್ ರಿಂಗ್ ಸವೆದಿದ್ದರೆ ಒಳಗಿನ ಒತ್ತಡಕ್ಕೆ ಕ್ಯಾಪ್ ಕುಣಿದು ಕೆಳಗೆ ಬೀಳುತ್ತದೆ. ಇದು ಸ್ವಲ್ಪ ನಡುಗಿತು, ಅಲ್ಲೇ ಕೂತಿತು. ಭಾನುವಾರ ಅಪ್ಪನನ್ನು ಕೂರಿಸಿಕೊಂಡು ಹೊಸಪೇಟೆ ತನಕ ಓಡಿಸಿ ನೋಡೋಣ. ನೀನೂ ಬಾ, ಗೇಜ್ ನೀನೇ ನೋಡುತ್ತಿರು.